ಹಿಡಿ ಕುಸುಬೆಯ ಬಾಳವ್ವ

ಬಹಳ ಹಿಂದೆ, ನಮ್ಮ ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಒಂದೂರಿನಲ್ಲಿ ಒಂದೇ ಒಂದು ಎಣ್ಣೆಗಾಣ ಇತ್ತಂತೆ. ಅದು ದೇಸಾಯರದು. ಬೇರೆ ಯಾರೂ ಗಾಣ ಹೂಡುವಂತಿರಲಿಲ್ಲ. ನೀವು ಕುಸುಬೆ ಒಯ್ದರೆ ಅರ್ಧ ಎಣ್ಣೆ ಅವರಿಗೆ, ಹಿಂಡಿಯ ಮಾತಂತೂ ಎತ್ತಲೇಬೇಡಿ. ಯಾಕೆ ಹೀಗೆ ಎಂದರೆ, ಮೊದಲಿನಿಂದ ಹೀಗೇ ಎನ್ನುತ್ತಿದ್ದರಂತೆ.

ಆ ಊರಿಗೆ ಗಾಣಿಗರ ಮಗಳು ಬಾಳವ್ವ ಸೊಸೆಯಾಗಿ ಬಂದಳು. ಗಂಡ ಬೇಗ ತೀರಿಕೊಂಡ. ಮಕ್ಕಳನ್ನು ಸಾಕಲು ಅವಳಿಗಿದ್ದದ್ದು ಒಂದು ಎತ್ತು ಮತ್ತು ತವರಿನಲ್ಲಿ ಕಲಿತ ಕಸುಬು. ಹಿತ್ತಲಲ್ಲಿ ಗಾಣ ಹೂಡಿದಳು. ಮರುದಿನವೇ ದೇಸಾಯರ ಆಳುಗಳು ಬಂದು ನೊಗ ಕಿತ್ತುಕೊಂಡು ಹೋದರು. ಅತ್ತಳಂತೆ. ಅತ್ತು ಮುಗಿಸಿ, ಮುಖ ತೊಳೆದು, ಸೀದಾ ಹಿರಿಯರ ಕಟ್ಟೆಗೆ ನಡೆದಳಂತೆ.

ಇನ್ನೊಂದು ಗಾಣಕ್ಕೆ ಊರು ಒಪ್ಪುವುದಿಲ್ಲ ಎಂದರು ಹಿರಿಯರು.

"ಊರನ್ನ ಯಾವಾಗ ಕೇಳೀರಿ, ಯಪ್ಪಾ? ಒಗ್ಗರಣಿ ಹಾಕೋರನ್ನೂ ಒಮ್ಮೆ ಕೇಳ್ರಲ್ಲ!" ಎಂದಳು ಬಾಳವ್ವ.

ಬಿತ್ತನೆ ಯಾವಾಗ ಶುರು ಮಾಡಬೇಕೆಂದು ಆ ಊರ ಗಂಡಸರು ಮುಷ್ಟಿ ಹಾಕುತ್ತಿದ್ದರು. ಬಟ್ಟೆ ಮುಚ್ಚಿದ ಗಡಿಗೆಯೊಳಗೆ ಕೈಯಿಟ್ಟು ಮುಷ್ಟಿ ಬಿಚ್ಚುವುದು. ಒಪ್ಪಿಗೆಗೆ ಕಾಳು, ಬೇಡವೆಂದರೆ ಕಲ್ಲು. ಯಾರದು ಏನೆಂದು ಯಾರಿಗೂ ತಿಳಿಯದು. ಈ ಸಲ ಹೆಂಗಸರೂ ಮುಷ್ಟಿ ಹಾಕಲಿ ಎಂದು ಬಾಳವ್ವ ಹಟ ಹಿಡಿದಳು. ಊರ ತುಂಬ ನಮ್ಮ ಉಪ್ಪು ತಿಂದವರೇ ಎಂಬ ಧೈರ್ಯದಲ್ಲಿ ದೇಸಾಯರು ನಕ್ಕು ಒಪ್ಪಿದರಂತೆ.

ಗಡಿಗೆ ಬೋರಲು ಹಾಕಿದರೆ, ಅಬ್ಬಾ, ಕುಸುಬೆಯ ರಾಶಿ! ದೇಸಾಯರ ವಾಡೆಯ ಮನೆಮಂದಿಗಿಂತ ಕಲ್ಲುಗಳೇ ಕಡಿಮೆ ಇದ್ದವಂತೆ. ದೇಸಾಯರ ತಾಯಿಯೇ ಕಾಳು ಹಾಕಿದಳು ಎನ್ನುತ್ತಾರೆ. ನಾನೇನು ನೋಡಿಲ್ಲಪ್ಪ.

ದೇಸಾಯರು ಮಾತಿಗೆ ತಪ್ಪಲಿಲ್ಲ, ನೊಗ ಮರಳಿ ಕಳಿಸಿದರು. ಬಾಳವ್ವ ಕಾಲುಪಾಲು ಎಣ್ಣೆ ಮಾತ್ರ ಇಟ್ಟುಕೊಂಡು ಕಾಳು ಗಾಣಕ್ಕೆ ಹಾಕಿಕೊಟ್ಟಳು, ಹಿಂಡಿಯನ್ನೂ ಮರಳಿ ಕೊಟ್ಟಳು. ವಾಡೆಯ ಗಾಣವೂ ತನ್ನ ಪಾಲು ಇಳಿಸಬೇಕಾಯಿತು. ಊರ ಮಂದಿಯ ಪಲ್ಯದಲ್ಲಿ ಎಣ್ಣೆ ಕಂಡಿತಂತೆ.

ಸುಖವಾಗಿ ಕೆಲವು ವರ್ಷ ಕಳೆದವು. ಆಮೇಲೆ ಹೊಳೆಯಾಚೆಯಿಂದ ಮಲ್ಲೇಶಿ ಎಂಬ ಗಾಣಿಗ ಬಂದು, ಅವಳದೇ ಓಣಿಯಲ್ಲಿ ಗಾಣ ಹೂಡುತ್ತೇನೆಂದ. ಬಾಳವ್ವ ಇರುವಾಗ ಇವನ್ಯಾಕೆ, ಓಡಿಸೋಣ ಎಂದಿತು ಊರು. ಪ್ರೀತಿಯಿಂದಲೇ ಎಂದಿತು. ಬಾಳವ್ವನಿಗೆ ಅನ್ನ ಸೇರಲಿಲ್ಲವಂತೆ. ಗಿರಾಕಿಗಳು ಅತ್ತ ಹೋದರೆ ಮಕ್ಕಳ ಗತಿಯೇನು? ಒಂದು ಮಾತು ಅಂದರೆ ಸಾಕಿತ್ತು, ಮಲ್ಲೇಶಿ ಗಂಟುಮೂಟೆ ಕಟ್ಟುತ್ತಿದ್ದ.

ಅವಳು ಗಡಿಗೆ ತರಿಸಿದಳು. ಎಲ್ಲರೂ ನೋಡುವಂತೆ ಕೈ ಚಾಚಿ ಮೊದಲು ತಾನೇ ಮುಷ್ಟಿ ಬಿಚ್ಚಿದಳು. ಅದರಲ್ಲಿದ್ದದ್ದು ಕುಸುಬೆ. ಊರೂ ಅವಳ ಹಿಂದೆ ಕಾಳನ್ನೇ ಹಾಕಿತು, ಮಲ್ಲೇಶಿ ಅದೇ ಓಣಿಯಲ್ಲಿ ಗಾಣ ಹೂಡಿದ.

ಇವತ್ತಿಗೂ ಆ ಊರಲ್ಲಿ ಯಾರಾದರೂ ಹೊಸ ಅಂಗಡಿ ತೆರೆದರೆ, ಕಿರಾಣಿಯಿರಲಿ, ಮೊಬೈಲ್ ರಿಪೇರಿಯಿರಲಿ, ಅದೇ ವ್ಯಾಪಾರದ ಹಳಬರು ಬಂದು ಹೊಸ್ತಿಲಿಗೆ ಮೊದಲ ಹಿಡಿ ಕುಸುಬೆ ಸುರಿಯುತ್ತಾರೆ. ಸುರಿಯುವಾಗ ಮುಖ ಸ್ವಲ್ಪ ಹುಳ್ಳಗಿರುತ್ತದೆ. ಆದರೂ ಸುರಿಯುತ್ತಾರೆ.