ನರಿಯ ಗುಲಗಂಜಿ ಆಟ

ಒಂದು ಕುರುಚಲು ಕಾಡಿನಲ್ಲಿ ಹೊನ್ನಿ ಎಂಬ ಜಿಂಕೆ ಇತ್ತು. ಅದಕ್ಕೆ ಒಂದೇ ಮರಿ, ಹೆಸರು ಕೆಂಚ. ಆ ಕಾಡಿನ ಜಿಂಕೆಗಳು ಕರಿಮೂತಿಯ ಕೋತಿ ಮುಸುವ ಕೂತ ಮರದ ಕೆಳಗೇ ಮೇಯುತ್ತಿದ್ದವು. ಚಿರತೆ ಕಂಡರೆ ಮುಸುವ ಕೂಗುತ್ತಿತ್ತು, ಜಿಂಕೆಗಳು ಓಡುತ್ತಿದ್ದವು. ಆ ಕೂಗನ್ನು ಗುರುತಿಸುವುದೇ ಮರಿಗಳ ಮೊದಲ ಪಾಠ.

ಅಲ್ಲೇ ಒಂದು ನರಿ ಬಂಡೆಯ ಸಂದಿಯಲ್ಲಿ ಆಟ ಹೂಡಿತು. ಮೂರು ಗುಳಿ, ಒಂದು ಗುಲಗಂಜಿ. ಅದು ಯಾವ ಗುಳಿಯಲ್ಲಿದೆ ಎಂದು ಮರಿಗಳು ಹೇಳಬೇಕು. ಸೋತರೆ ನರಿಗೊಂದು ಬೋರೆಹಣ್ಣು, ಗೆದ್ದರೆ ಇನ್ನೊಂದು ಆಟ. ಮರಿಗಳು ಮೇವು ಬಿಟ್ಟವು, ನಿದ್ದೆ ಬಿಟ್ಟವು. ಕರೆದರೂ ತಲೆ ಎತ್ತುತ್ತಿರಲಿಲ್ಲ. ನರಿಯ ಸ್ವಂತ ಮರಿ ಮಾತ್ರ ದೂರದ ಪೊದೆಯಲ್ಲಿ ಇಲಿ ಹಿಡಿಯುವುದನ್ನು ಕಲಿಯುತ್ತಿತ್ತು.

ತಾಯಂದಿರೆಲ್ಲ ಜಗಳಕ್ಕೆ ಹೋದರು. ನರಿ ಮಹಾ ಘಾಟಿ!

"ಅಯ್ಯೋ ಹೊನ್ನಕ್ಕ, ಅದು ಹಳೇ ಆಟ! ಇವತ್ತಿಂದ ಇದು ಬುದ್ಧಿ ಬೆಳೆಸೋ ಆಟ. ಪ್ರತಿ ಸಲ ಆಡೋ ಮುಂಚೆ ಮರಿಗಳು ಇಪ್ಪತ್ತರವರೆಗೆ ಎಣಿಸಬೇಕು," ಎಂದಿತು.

ಗುಳಿಯೂ ಅದೇ, ಗುಲಗಂಜಿಯೂ ಅದೇ. ಆದರೆ ಸಂಜೆ ಕೆಂಚ ಪಟಪಟನೆ ಎಣಿಸಿದಾಗ ಹೊನ್ನಿ ಹಿರಿಹಿರಿ ಹಿಗ್ಗಿತು.

"ಮಗನ್ನ ಇಲ್ಲಿ ಕೂರಿಸಮ್ಮ, ನನ್ನ ಕೂಗು ಗುರುತು ಹಿಡೀಲಿ," ಎಂದಿತು ಮುದಿ ಮುಸುವ.

"ಅವನೀಗ ಲೆಕ್ಕ ಕಲೀತಿದಾನೆ ಅಜ್ಜ. ಅದನ್ನ ಆಮೇಲೆ ಕಲಿತರಾಯ್ತು," ಎಂದಿತು ಹೊನ್ನಿ.

ಒಂದು ಮಧ್ಯಾಹ್ನ ಮುಸುವ ಗಂಟಲು ಹರಿಯುವಂತೆ ಕೂಗಿತು. ಹೊನ್ನಿ ಎದ್ದುಬಿದ್ದು ಬಂಡೆಯತ್ತ ಓಡಿತು.

"ಕೆಂಚಾ, ಓಡೋ!"

ಸಂದಿಯಲ್ಲಿ ಮರಿಗಳು ಒಟ್ಟಿಗೆ ಎಣಿಸುತ್ತಿದ್ದವು. ಕೂಗು ಗೊತ್ತಿದ್ದ ನರಿ ಆಗಲೇ ಹಿಂದಿನಿಂದ ನುಸುಳಿ ಹೋಗಿತ್ತು. ಚಿರತೆ ಎದುರಿಗೇ ಬಂದಾಗ ಉಳಿದ ಮರಿಗಳು ದಿಕ್ಕಾಪಾಲಾದವು. ಗುಳಿಯ ಮೇಲೆ ಬಗ್ಗಿದ್ದ ಕೆಂಚ ತಲೆ ಎತ್ತಲೇ ಇಲ್ಲ. ಹೊನ್ನಿಯ ಕಣ್ಣೆದುರೇ ಚಿರತೆ ಅದನ್ನು ಹೊತ್ತೊಯ್ದಿತು.

ಹೊನ್ನಿ ಬಂಡೆಗೆ ತಲೆ ಚಚ್ಚಿಕೊಂಡು ಅತ್ತಿತು. ಸಮಾಧಾನ ಹೇಳಲು ನರಿ ಬಂತು. ಹೊನ್ನಿ ಎಲ್ಲರೆದುರು ಕೇಳಿತು: "ನರಿಯಣ್ಣ, ನಿನ್ನ ಮರಿ ಒಂದಿನಾನೂ ಈ ಆಟ ಆಡಲಿಲ್ಲ. ಯಾಕೆ?"

ನರಿ ಮೆಲ್ಲನೆ ಹಿಂದೆ ಸರಿಯಿತು. ಪ್ರಾಣಿಗಳು ಸೇರಿ ಅದನ್ನು ಅಟ್ಟಿದವು. ಅದು ಹೋದಲ್ಲೆಲ್ಲ ಮುಸುವಗಳು ಕೂಗಿ ಸುದ್ದಿ ಮುಟ್ಟಿಸಿದವು. ಬೇಟೆಯೂ ಇಲ್ಲ, ಹಣ್ಣೂ ಇಲ್ಲ. ನರಿ ಹಸಿದು ಸೊರಗಿತು.

ಆಮೇಲೆ ಹೊನ್ನಿಯೇ ಮರಿಗಳಿಗೆ ಹೊಸ ಆಟ ಕಲಿಸಿತು. ಕಣ್ಣು ಮುಚ್ಚಿ ಕೂರಬೇಕು. ಯಾರು ಕೂಗಿದರು, ಯಾವ ಕಡೆಯಿಂದ ಎಂದು ಹೇಳಬೇಕು. ಹೇಳಿದ ಕೂಡಲೇ ಓಡಿ ತನ್ನ ತಾಯಿಯನ್ನು ಮುಟ್ಟಬೇಕು. ಮರಿಗಳ ಕಿವಿ ಚುರುಕಾಯಿತು, ಕಾಲೂ ಚುರುಕಾಯಿತು. ಆಟ ಮುಗಿದಾಗ ಪ್ರತಿ ಮರಿಯೂ ತಾಯಿಯ ಮಡಿಲು ಸೇರುತ್ತಿತ್ತು. ಹೊನ್ನಿಯ ಬಳಿಗೆ ಮಾತ್ರ ಯಾರೂ ಓಡಿ ಬರುತ್ತಿರಲಿಲ್ಲ.

ನೀತಿ: ಒಳ್ಳೆಯ ಹೆಸರಿಟ್ಟ ಮಾತ್ರಕ್ಕೆ ಆಟ ಒಳ್ಳೆಯದಾಗುವುದಿಲ್ಲ, ಮಗು ಅದರಿಂದ ಏನು ಕಲಿಯಿತು, ಏನು ಕಳೆದುಕೊಂಡಿತು ಎಂಬುದನ್ನು ಹೆತ್ತವರೇ ನೋಡಬೇಕು.