ಜೇಡಗಿಡ ಮರಿಯ ಕೈ ಏಕೆ ಬಿಡುವುದಿಲ್ಲ

ಲೋಕ ಆಗಿನ್ನೂ ಹೊಸದು. ಯಾರಿಗೆ ಯಾವ ಕೆಲಸ ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೊಳೆ ಬೆಳಿಗ್ಗೆ ಪೂರ್ವಕ್ಕೆ ಹರಿದು, ಮಧ್ಯಾಹ್ನದ ಹೊತ್ತಿಗೆ ಅನುಮಾನ ಬಂದು ಪಶ್ಚಿಮಕ್ಕೆ ತಿರುಗುತ್ತಿತ್ತು. ಕೋಳಿ ಸಂಜೆ ಕೂಗಿ, ಇದು ಬೆಳಗೋ ಅಲ್ಲವೋ ಎಂದು ಎಲ್ಲರನ್ನೂ ಕೇಳುತ್ತಿತ್ತು. ಮಾವು ಹುಳಿಯಾಗಲೋ ಸಿಹಿಯಾಗಲೋ ಎಂದು ಯೋಚಿಸುತ್ತ ಕೂತು, ಕೊನೆಗೆ ಎರಡೂ ಆಗಿಬಿಟ್ಟಿತು. ಅದರ ಗೊಂದಲದಿಂದ ನಮಗೆ ಲಾಭವೇ ಆಯಿತು. ಉಪ್ಪಿನಕಾಯಿಯೂ ಸಿಕ್ಕಿತು, ಹಣ್ಣೂ ಸಿಕ್ಕಿತು.

ಎಲ್ಲರಿಗಿಂತ ಹೆಚ್ಚು ಗೊಂದಲ ಇದ್ದದ್ದು ಒಂದು ಪುಟ್ಟ ಗಿಡಕ್ಕೆ. ಒಂದು ದೊಡ್ಡ ಹಾಸುಬಂಡೆಯ ಅಂಚಿನ ಬಿರುಕಿನಲ್ಲಿ, ಹಿಡಿಯಷ್ಟು ಮಣ್ಣಿನಲ್ಲಿ ಅದು ಬೇರೂರಿತ್ತು. ಅದಕ್ಕೆ ಹೆಸರೂ ಇರಲಿಲ್ಲ.

"ನಾನು ನಿಮ್ಮ ಪೈಕಿಯಾ?" ಎಂದು ಹುಲ್ಲನ್ನು ಕೇಳಿತು.

"ಎಲೆ ಏನೋ ನಮ್ಮ ಹಾಗೇ ಇದೆ," ಅಂದಿತು ಹುಲ್ಲು. "ಆದರೆ ನೀನು ಸ್ವಲ್ಪ ದಪ್ಪ. ಬಾಳೆಯನ್ನು ಕೇಳು."

"ನೀನು ಸ್ವಲ್ಪ ತೆಳ್ಳಗಾದೆ," ಅಂದಿತು ಬಾಳೆ. "ಹುಲ್ಲನ್ನು ಕೇಳು."

ಗಿಡ ಆ ಕಡೆ ನೋಡಿತು, ಈ ಕಡೆ ನೋಡಿತು. ಏನೂ ತಿಳಿಯಲಿಲ್ಲ.

ಆಮೇಲೆ ಸೂರ್ಯಪ್ಪ ಕರೆದ. "ಬಾ, ನನ್ನ ಎದುರಿಗೆ ನಿಲ್ಲು. ನಾನಿಲ್ಲದೆ ಯಾರೂ ಬದುಕಲ್ಲ." ಗಿಡ ಅವನ ಕಡೆಗೆ ತಿರುಗಿ ನಿಂತಿತು. ಎಲೆಯ ತುದಿ ಸುಟ್ಟು ಕಂದಾಯಿತು. "ಇತ್ತ ಬಾರೇ, ಅವನ ಮಾತು ಕೇಳಬೇಡ," ಎಂದು ಬಂಡೆಯ ನೆರಳು ಕರೆಯಿತು. ಗಿಡ ನೆರಳಿಗೆ ಬಾಗಿತು. ಎಲೆ ಸಪ್ಪೆಯಾಗಿ ಜೋತುಬಿತ್ತು. ಯಾರ ಮಾತು ಸರಿ? ಅರ್ಧ ಅವನದು ಕೇಳಿತು, ಅರ್ಧ ನೆರಳಿನದು ಕೇಳಿತು. ಎಲೆಯ ಅಂಚು ಹಸಿರಾಗಿ, ನಡುವೆ ಬಿಳಿಯ ಪಟ್ಟೆ ಮೂಡಿತು.

ಹೊಳೆಯಕ್ಕ ಬಂದು ಹೇಳಿದಳು, "ಕುಡಿ, ಎಷ್ಟು ಬೇಕಾದರೂ ಕುಡಿ. ನಾನು ಇಲ್ಲೇ ಇರ್ತೀನಿ." ಗಿಡ ಕುಡಿದೂ ಕುಡಿದೂ ಬೇರು ಕೊಳೆಯಲು ಶುರುವಾಯಿತು. "ಸಾಕು ಅಕ್ಕ," ಅನ್ನುವಷ್ಟರಲ್ಲಿ ಹೊಳೆಗೆ ಮತ್ತೆ ಅನುಮಾನ ಬಂದು ಬೇರೆ ದಿಕ್ಕಿಗೆ ಹೋಗಿಯಾಗಿತ್ತು. ಆಮೇಲೆ ಎಷ್ಟೋ ದಿನ ಹನಿ ನೀರಿಲ್ಲ. ಅವತ್ತಿನಿಂದ ಗಿಡ ಒಂದು ಬುದ್ಧಿ ಕಲಿಯಿತು. ಮಾತು ಕೊಟ್ಟವರನ್ನು ನಂಬು, ಆದರೆ ಮನೆಯಲ್ಲಿ ದಾಸ್ತಾನು ಇಟ್ಟುಕೊಂಡು ನಂಬು. ಬೇರನ್ನೇ ಬೆಳ್ಳಗೆ, ದಪ್ಪಗೆ ಗೆಡ್ಡೆಯ ಹಾಗೆ ಮಾಡಿ ಅದರೊಳಗೆ ನೀರು ತುಂಬಿಟ್ಟುಕೊಂಡಿತು.

ಅಷ್ಟರಲ್ಲಿ ಮಳೆಗಾಲ ಬಂತು. ಗಿಡದ ಬುಡದಿಂದ ಒಂದು ಉದ್ದನೆಯ ದಂಟು ಹೊರಟು ಬಂಡೆಯ ಅಂಚಿನಿಂದ ಕೆಳಗೆ ಬಾಗಿತು. ಅದರಲ್ಲಿ ಬಿಳಿಯ ಸಣ್ಣ ಹೂ ಬಿಟ್ಟು, ಹೂವಿನ ಜಾಗದಲ್ಲಿ ಎರಡು ಮರಿಗಳು ಹುಟ್ಟಿದವು. ಒಂದಕ್ಕೆ ಅವಸರ. ಇನ್ನೊಂದಕ್ಕೆ ಪ್ರಶ್ನೆಗಳು ಜಾಸ್ತಿ.

ಮರಿಗಳನ್ನು ಎಲ್ಲಿಡುವುದು? ಬಿರುಕಿನಲ್ಲಿ ಜಾಗ ಇಲ್ಲ. ಮೂರು ಹೊಟ್ಟೆಗೆ ಸಾಲುವಷ್ಟು ಮಣ್ಣೂ ಇಲ್ಲ. ಬಂಡೆಯ ಕೆಳಗೆ ಕಪ್ಪಗೆ, ಮೆತ್ತಗೆ ಒಳ್ಳೆಯ ಮಣ್ಣಿತ್ತು. ಮಳೆಗಾಲ ಮುಗಿದರೆ ಅದೂ ಬಾಗಿಲು ಹಾಕಿದ ಹಾಗೆ ಗಟ್ಟಿಯಾಗಿಬಿಡುತ್ತದೆ. ಅಷ್ಟರೊಳಗೆ ಮರಿ ಕೆಳಗೆ ಸೇರಿದರೆ ಉಳಿಯಿತು. ಇಲ್ಲದಿದ್ದರೆ ತಾಯಿಯೂ ಇಲ್ಲ, ಮರಿಯೂ ಇಲ್ಲ.

ಬೇರೆ ಗಿಡಗಳು ತಮ್ಮ ಬೀಜವನ್ನು ಗಾಳಿಯ ಕೈಗೋ ಹಕ್ಕಿಯ ಬಾಯಿಗೋ ಕೊಟ್ಟು ನಿಶ್ಚಿಂತೆಯಾಗಿದ್ದವು. ಈ ಗಿಡದ ಮರಿಗಳು ಬೀಜವಲ್ಲ. ಎಲೆ ಬಂದಿದ್ದ ಮರಿಗಳು. ಯಾವ ಹಕ್ಕಿ ನುಂಗೀತು?

ಆ ಹಾಸುಬಂಡೆಯ ಮೇಲೆ ಸಿದ್ದಕ್ಕ ಮತ್ತು ಬೋರಯ್ಯ ಎಂಬ ಗಂಡ ಹೆಂಡತಿ, ಮಳೆ ಬಿಡುವು ಕೊಟ್ಟು ಬಿಸಿಲು ಬಂದಾಗಲೆಲ್ಲ ರಾಗಿ ಒಣಗಿಸುತ್ತಿದ್ದರು. ಒಣಗಿದ ರಾಗಿಯನ್ನು ಮೂಟೆ ಕಟ್ಟಿ, ಸಿದ್ದಕ್ಕ ಮೇಲಿಂದ ಹಗ್ಗದಲ್ಲಿ ಇಳಿಸುತ್ತಿದ್ದಳು. ಬೋರಯ್ಯ ಕೆಳಗೆ ನಿಂತು ಹಿಡಿದುಕೊಳ್ಳುತ್ತಿದ್ದ.

"ಬಿಡ್ಲಾ?" ಎಂದು ಅವಳು ಕೂಗುತ್ತಿದ್ದಳು.

"ಬಿಡು," ಎಂದು ಅವನು ಕೂಗುತ್ತಿದ್ದ.

ಗಿಡ ಇದನ್ನು ನೋಡಿತು. ಓಹೋ, ಲೋಕದ ರೀತಿ ಇದು ಅಂದುಕೊಂಡಿತು. ಅವಸರದ ಮರಿಯನ್ನು ಕೆಳಗೆ ಬಾಗಿಸಿ, "ಬಿಡ್ಲಾ?" ಎಂದು ಕೇಳಿತು.

"ಬಿಡು, ಬಿಡು," ಅಂದರು ಯಾರೋ.

ಗಿಡ ಬಿಟ್ಟಿತು. ಬಿಡು ಅಂದವನು ಗಾಳಿಯಣ್ಣ. ಅವನು ಮರಿಯನ್ನು ಎತ್ತಿ ತಿರುಗಿಸಿ, ಸ್ವಲ್ಪ ಹೊತ್ತು ಆಡಿ, ಬೇಜಾರಾದ ಮೇಲೆ ಕಾದ ಬಂಡೆಯ ಮೇಲೆ ಎಸೆದು ಹೋದ. ಮರಿ ಒಣಗಿ ಹೋಯಿತು.

"ನೀನೇ ಬಿಡು ಅಂದೆಯಲ್ಲ ಅಣ್ಣ," ಅಂದಿತು ಗಿಡ.

"ಅಂದೆ," ಅಂದ ಗಾಳಿ. "ಹಿಡೀತೀನಿ ಅಂದೆನಾ?"

ಅವನು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ಉಳಿದದ್ದು ಒಂದೇ ಮರಿ. ಸುದ್ದಿ ಹರಡಿ, ಸಲಹೆ ಕೊಡುವವರು ಸಾಲುಗಟ್ಟಿ ಬಂದರು.

"ಬಿಡು, ನಾನು ಕರ್ಕೊಂಡು ಹೋಗ್ತೀನಿ," ಅಂದಳು ಹೊಳೆಯಕ್ಕ.

"ಎಲ್ಲಿಗೆ ಅಕ್ಕ?"

"ಅದು ನನಗೂ ಗೊತ್ತಿಲ್ಲ. ಹೊರಟ ಮೇಲೆ ಗೊತ್ತಾಗುತ್ತೆ."

"ಬಿಡಮ್ಮ, ನಾನಿದೀನಿ," ಅಂದಿತು ಆಡು. ಅದರ ಬಾಯಿ ಆಗಲೇ ಅಲ್ಲಾಡುತ್ತಿತ್ತು.

"ಬಿಡಲೇಬೇಡ," ಅಂದ ಸೂರ್ಯಪ್ಪ.

"ಬಿಟ್ಟೂ ಬಿಡದ ಹಾಗೆ ಇರು," ಅಂದಿತು ನೆರಳು.

ಬಂಡೆಯ ಸಂದಿಯಲ್ಲಿದ್ದ ಜೇಡ ಮಾತ್ರ, "ನಾನು ದಾರ ಹಿಡಿದು ಇಳೀತೀನಿ. ಆದರೆ ನನ್ನ ದಾರ ನನ್ನ ಕೈಲೇ ಇರುತ್ತೆ. ನಿನ್ನ ಕಥೆ ನನಗೆ ಗೊತ್ತಿಲ್ಲ," ಎಂದು ಒಳಗೆ ಹೋಯಿತು.

ಗಿಡ ಎಲ್ಲರ ಮಾತಿಗೂ ಹೂಂ ಅಂದಿತು. ದಂಟನ್ನು ಸ್ವಲ್ಪ ಇಳಿಸಿತು. ಹೆದರಿ ಮೇಲೆತ್ತಿತು. ಮತ್ತೆ ಇಳಿಸಿತು. ಇಳಿಸಿ ಎತ್ತಿ, ಇಳಿಸಿ ಎತ್ತಿ ದಂಟು ಇನ್ನೂ ಉದ್ದವಾಯಿತು.

"ಅಮ್ಮ, ನಾನು ಹೋಗ್ತಾ ಇದೀನೋ, ಬರ್ತಾ ಇದೀನೋ?" ಎಂದು ಮರಿ ಕೇಳಿತು.

"ತಡಿ ಮಗು, ನನಗೂ ಗೊತ್ತಾಗ್ತಾ ಇಲ್ಲ."

ಮಳೆ ನಿಲ್ಲುತ್ತ ಬಂತು. ಕೆಳಗಿನ ಮಣ್ಣಿನ ಅಂಚು ಬೆಳ್ಳಗಾಗತೊಡಗಿತು.

ಅವತ್ತು ಸಿದ್ದಕ್ಕ ಮತ್ತೊಂದು ಮೂಟೆ ಇಳಿಸುತ್ತಿದ್ದಳು. "ರೀ, ಬಿಡ್ಲಾ?"

"ಬಿಡು," ಅಂದಿತೊಂದು ದನಿ.

ಸಿದ್ದಕ್ಕ ಬಿಡಲಿಲ್ಲ. "ಬಿಡು ಅಂದದ್ದು ಯಾರು?"

"ನಾನಲ್ಲ ಕಣೇ," ಎಂದು ಬೋರಯ್ಯ ಕೆಳಗಿಂದ ಕೂಗಿದ. "ನಾನಿನ್ನೂ ಕಾಲಿನ ಮುಳ್ಳು ತೆಗೀತಾ ಇದೀನಿ. ಬಿಟ್ಟು ಗಿಟ್ಟೀಯ, ತಲೆ ಮೇಲೇ ಬೀಳುತ್ತೆ."

"ಮುಳ್ಳಿಗೆ ಇದೇ ಹೊತ್ತು ಸಿಕ್ತಾ ನಿಮಗೆ? ಕೈ ನೋಯ್ತಾ ಇದೆ."

ಗಾಳಿಯಣ್ಣ ಏನೂ ಗೊತ್ತಿಲ್ಲದವನ ಹಾಗೆ ಆ ಕಡೆ ಹೋದ.

ಗಿಡಕ್ಕೆ ಆಶ್ಚರ್ಯ. "ಸಿದ್ದಕ್ಕ, ಬಿಡು ಅಂದರೂ ನೀನು ಯಾಕೆ ಬಿಡಲಿಲ್ಲ?"

"ಬಿಡು ಅನ್ನೋಕೆ ಯಾರಿಗೆ ಏನು ಖರ್ಚು?" ಅಂದಳು ಸಿದ್ದಕ್ಕ. "ಕೆಳಗೆ ಹಿಡಿಯೋರು ಹೇಳಬೇಕು. ಅವರು ಹೇಳಿದರೂ ನಾನು ಬಿಡಲ್ಲ. ಕೈಗೆ ಹಗ್ಗ ಹಗುರ ಆಗಬೇಕು. ಆಗ ಬಿಡ್ತೀನಿ."

ನನ್ನ ಮರಿಯನ್ನು ಹಿಡಿಯುವವರು ಯಾರು ಎಂದು ಗಿಡ ಯೋಚಿಸಿತು. ಗಾಳಿಯಲ್ಲ, ಹೊಳೆಯಲ್ಲ, ಆಡಂತೂ ಅಲ್ಲ. ಹಿಡಿಯಬೇಕಾದವಳು ಮಣ್ಣಮ್ಮ. ಇಷ್ಟು ದಿನ ಎಲ್ಲರನ್ನೂ ಕೇಳಿದ್ದಾಯಿತು, ಅವಳನ್ನು ಕೇಳಿರಲೇ ಇಲ್ಲ.

ಗಿಡ ಮರಿಯನ್ನು ಮಣ್ಣಿಗೆ ಮುಟ್ಟುವ ತನಕ ಇಳಿಸಿತು. "ಮಣ್ಣಮ್ಮ, ಬಿಡ್ಲಾ?"

ಮಣ್ಣಮ್ಮ ಮಾತಾಡಲಿಲ್ಲ. ಅವಳು ಯಾವತ್ತೂ ಮಾತಿನವಳಲ್ಲ.

ದಂಟು ಹಗುರವಾಯಿತು. ಬಿಡಲೇ? ಅಷ್ಟರಲ್ಲಿ ಗಾಳಿ ಬೀಸಿತು. ಮರಿ ಉರುಳಿ, ದಂಟು ಮತ್ತೆ ಭಾರವಾಯಿತು. ಗಿಡಕ್ಕೆ ಮೊದಲಿಗಿಂತ ಹೆಚ್ಚು ಗೊಂದಲ.

"ಹಗುರ ಆಯ್ತು ಸಿದ್ದಕ್ಕ, ಆದರೆ ಹಿಡಿದಿರಲಿಲ್ಲ."

ಸಿದ್ದಕ್ಕ ಹಗ್ಗ ಸುತ್ತುತ್ತ ಹೇಳಿದಳು, "ರಾಗಿ ಮೂಟೆ ಎದ್ದು ಓಡಲ್ಲ, ನನಗೆ ಅಷ್ಟು ಸಾಕು. ನಿನ್ನದು ಬೇರೆ ಸರಕು. ಹಗುರ ಆದ ಮೇಲೆ ಮೆಲ್ಲಗೆ ಎಳೆದು ನೋಡು. ಬಂದರೆ ಇನ್ನೂ ಹಿಡಿದಿಲ್ಲ. ಬರದಿದ್ದರೆ ಹಿಡಿದಿದೆ ಅಂತ."

ಗಿಡ ಮತ್ತೆ ಇಳಿಸಿತು. ಈ ಸಲ ಎತ್ತಲಿಲ್ಲ. ತನ್ನ ಬೇರಿನ ದಾಸ್ತಾನಿನಿಂದ ದಂಟಿನ ದಾರಿಯಲ್ಲಿ ಮರಿಗೆ ನೀರು ಕಳಿಸುತ್ತ ಕಾದಿತು. ಎಳೆದು ನೋಡಿತು, ಮರಿ ಬಂತು. ಕಾದಿತು. ಎಳೆದು ನೋಡಿತು, ಅರ್ಧ ಬಂತು. ಕಾದಿತು. ಮರಿಯ ಬುಡದಲ್ಲಿ ಬೆಳ್ಳನೆಯ ಮೊಳಕೆಗಳು ಮೂಡಿ ಮಣ್ಣಿಗೆ ಇಳಿದವು. ಎಳೆದು ನೋಡಿತು. ಮರಿ ಬರಲಿಲ್ಲ.

"ಅಮ್ಮ, ಹಿಡಿದಿದೆ. ಬಿಡು," ಅಂದಿತು ಮರಿ.

"ಹಿಡಿದಿದೆಯೋ, ಎಲ್ಲೋ ಸಿಕ್ಕಿಕೊಂಡಿದೆಯೋ? ನೀನು ಮಗು, ನಿನಗೇನು ಗೊತ್ತು?"

ಗಿಡ ಬಿಡಲಿಲ್ಲ. ಅದರ ದಾಸ್ತಾನು ಕರಗುತ್ತಿತ್ತು. ಎಲೆಗಳು ಮಂಕಾಗಿ ಬಂಡೆಗೆ ಒರಗಿದವು. ಕೆಳಗೆ ಮರಿ ದುಂಡಗಾಗುತ್ತಿತ್ತು, ಮೇಲೆ ತಾಯಿ ಸೊರಗುತ್ತಿತ್ತು. ಆದರೂ ಬಿಡಲಿಲ್ಲ.

ಕೊನೆಯ ಮೂಟೆ ಇಳಿಸಿ ಸಿದ್ದಕ್ಕ ಕೆಳಗೆ ಬಂದಳು. ಮರಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಅದು ಜಗ್ಗಲಿಲ್ಲ.

"ನೋಡ್ರೀ ಇವಳ ಅವಸ್ಥೆ," ಎಂದು ಗಂಡನಿಗೆ ತೋರಿಸಿದಳು. "ಮಾಲು ಸೇರಿ ಎಷ್ಟು ದಿನ ಆಯ್ತೋ, ಇನ್ನೂ ಹಗ್ಗ ಹಿಡ್ಕೊಂಡು ನಿಂತಿದಾಳೆ."

"ನೀನಾದ್ರೂ ಏನು ಕಮ್ಮಿ," ಅಂದ ಬೋರಯ್ಯ.

ಸಿದ್ದಕ್ಕ ಸೊಂಟದ ಕುಡುಗೋಲು ತೆಗೆದು, ಮರಿಯ ಹತ್ತಿರ ದಂಟನ್ನು ಕತ್ತರಿಸಿದಳು.

"ಅಯ್ಯೋ, ಬಿಟ್ಟುಬಿಟ್ಟೆನಾ?" ಅಂದಿತು ಗಿಡ.

"ನೀನು ಬಿಡಲಿಲ್ಲ. ನಿನ್ನ ಕೈಲಿ ಆಗೋದೂ ಇಲ್ಲ. ನಾನು ಕತ್ತರಿಸಿದೆ."

ಗಿಡ ಬಗ್ಗಿ ನೋಡಿತು. ಗಾಳಿ ಬಂತು, ಮರಿ ಬಾಗಿ ಮತ್ತೆ ಎದ್ದು ನಿಂತಿತು. ಬಿಸಿಲು ಬಂತು, ಮರಿ ನಿಂತೇ ಇತ್ತು. ಗಿಡದ ಎಲೆಗಳು ನಿಧಾನವಾಗಿ ಬಂಡೆಯಿಂದ ಮೇಲೆದ್ದವು. ತಾನು ಮಾಡಿದ್ದು ಸರಿಯೋ ತಪ್ಪೋ ಅದಕ್ಕೆ ಆಗಲೂ ತಿಳಿಯಲಿಲ್ಲ. ತಿಳಿಯುವ ಮೊದಲೇ ಹೊಸದೊಂದು ದಂಟು ಹೊರಟು, ಅದರ ತುದಿಯಲ್ಲಿ ಹೊಸ ಮರಿಗಳು ಕೂತಿದ್ದವು.

ದಾರಿಹೋಕರು ಅವು ತೂಗಾಡುವುದನ್ನು ನೋಡಿ, ಜೇಡ ಇಳಿದ ಹಾಗಿದೆ ಅಂದರು. ಅದೇ ಹೆಸರು ನಿಂತಿತು. ಜೇಡಕ್ಕೆ ಇದು ಇವತ್ತಿಗೂ ಇಷ್ಟವಿಲ್ಲ.

ಅದಕ್ಕೇ ಮಗು, ನಮ್ಮ ಕಿಟಕಿಯಲ್ಲಿ ನೇತುಹಾಕಿದ ಕುಂಡದಿಂದ ಜೇಡಗಿಡದ ಮರಿಗಳು ಬೆಳ್ಳನೆಯ ಬೇರಿನ ಮೊಳಕೆ ಚಾಚಿ ತೂಗುತ್ತಿರುತ್ತವೆ. ಕೆಳಗೊಂದು ಮಣ್ಣಿನ ಕುಂಡ ಇಟ್ಟು, ಅದು ಹಿಡಿಯುವ ತನಕ ಕಾದು, ಮೆಲ್ಲಗೆ ಎಳೆದು ನೋಡಿ ನಾವೇ ಕತ್ತರಿ ಹಾಕಬೇಕು, ಏಕೆಂದರೆ ತಾಯಿ ತಾನಾಗಿ ಎಂದಿಗೂ ಬಿಡುವುದಿಲ್ಲ.