ದೀಪ ಹಚ್ಚೋ ಹೊತ್ತಿನ ಬೋಗುಣಿ

ಒಂದಾನೊಂದು ಕಾಲದಲ್ಲಿ, ನಾಯಿಗೂ ಅತ್ತೆಗೂ ಒಂದೇ ಸಮ ಹೆದರಬೇಕಾಗಿದ್ದ ಕಾಲದಲ್ಲಿ ಅಂತಿಟ್ಕೋ, ಒಂದೂರಲ್ಲಿ ಕುಂಬಾರರ ಸಿದ್ಧವ್ವ ಅಂತ ಒಬ್ಬಳು ಇದ್ದಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು. ಮೂವರೂ ಮಹಾ ಬುದ್ಧಿವಂತರು ಅಂತ ಅವಳೇ ಊರಿಗೆಲ್ಲ ಹೇಳಿದ್ದರಿಂದ ಯಾರಿಗೂ ಅನುಮಾನ ಇರಲಿಲ್ಲವಂತೆ. ಕಿರೀ ಮಗನಿಗೆ ಚೆನ್ನಾಜಿ ಅನ್ನೋ ಹುಡುಗೀನ ತಂದ್ಕೊಂಡ್ರಂತೆ. ಚೆನ್ನಾಜಿ ತವರಿಂದ ಬರೋವಾಗ ಎರಡು ಸೀರೆ, ಒಂದು ತಂಬಿಗೆ, ಆಮೇಲೆ ಒಂದು ನಾಯಿ ತಂದಳಂತೆ. ಸೀರೆ, ತಂಬಿಗೆ ಯಾವ ಮನೇಲೂ ಸಿಗ್ತವೆ. ನಾಯಿ ಮಾತ್ರ ಅವಳು ಅಂಗೈಯಲ್ಲಿ ಹಾಲು ನೆಕ್ಕಿಸಿ ಸಾಕಿದ್ದು. ಹೆಸರು ದಳವಾಯಿ. ಇಲಿ ಕಂಡ್ರೆ ಪಕ್ಕಕ್ಕೆ ಸರಿದು ದಾರಿ ಬಿಡೋ ನಾಯಿಗೆ ಯಾರೋ ತಮಾಷೆಗೆ ಇಟ್ಟ ಹೆಸರದು.

ಆಮೇಲೆ ಆರು ತಿಂಗಳು ಆಗಿತ್ತೋ ಇಲ್ಲವೋ, ದಳವಾಯಿ ಹೆಸರಿಗೆ ತಕ್ಕ ಹಾಗೆ ಆಗಿಬಿಟ್ಟಿತಂತೆ. ಹಗಲೆಲ್ಲ ಕಾಲು ಕಾಲಿಗೆ ಸುತ್ಕೊಂಡು ಓಡಾಡೋದು, ಸಂಜೆ ಬೋಗುಣಿಗೆ ಮುದ್ದೆ ಬಿತ್ತೋ, ಗುರ್ ಅಂತ ಹಲ್ಲು ತೋರಿಸೋದು. ಸಿದ್ಧವ್ವನ ಮನೇಲಿ ಒಂದು ಕಟ್ಟಳೆ ಇತ್ತಂತೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ಅಂಗಳದಲ್ಲಿ ಎಂಜಲು ಪಾತ್ರೆ ಇರಬಾರದು, ಇದ್ರೆ ಲಕ್ಷ್ಮಿ ಹೊಸ್ತಿಲಿಂದಲೇ ವಾಪಸು ಹೋಗ್ತಾಳೆ ಅಂತ. ಹಂಗೆ ಒಂದಿನ ಸಿದ್ಧವ್ವ ನಾಯಿಯ ಬೋಗುಣಿ ಎತ್ತೋಕೆ ಹೋದಾಗ ಅದು ಅವಳ ಸೆರಗನ್ನ ಎರಡು ಭಾಗ ಮಾಡ್ತಂತೆ.

ನಮ್ಮನೆ ಮುದ್ದೆ ತಿಂದು ನನಗೇ ಹಲ್ಲು ತೋರಿಸುತ್ತಲ್ಲೇ, ಇದು ನಿನ್ನ ತವರಿನ ಬುದ್ಧಿ ಕಣೇ, ಅಂದಳಂತೆ ಸಿದ್ಧವ್ವ.

ನಮ್ಮ ತವರಲ್ಲಿ ಅದು ಬೆಕ್ಕಿನ ಜೊತೆ ಒಂದೇ ತಟ್ಟೇಲಿ ಉಣ್ತಿತ್ತು ಅತ್ತೆ, ಅಂದಳಂತೆ ಚೆನ್ನಾಜಿ.

ಹಂಗಾದ್ರೆ ಕೆಟ್ಟಿದ್ದು ನಮ್ಮನೇಲಾ? ಅಂತ ಸಿದ್ಧವ್ವ ಸೊಂಟದ ಮೇಲೆ ಕೈ ಇಟ್ಟಳಂತೆ. ಇಂಥ ಪ್ರಶ್ನೆಗೆ ಸೊಸೆಯಂದಿರು ಉತ್ತರ ಕೊಡೋ ರೂಢಿ ಆಗಿನ್ನೂ ಬಂದಿರಲಿಲ್ಲ. ಸಿದ್ಧವ್ವ ತೀರ್ಮಾನ ಹೇಳಿಬಿಟ್ಟಳಂತೆ. ಬರೋ ಅಮಾವಾಸ್ಯೆಗೆ ಕುರಿಗಾಹಿ ಬೀರಣ್ಣ ಮಂದೆ ಹೊಡ್ಕೊಂಡು ಈ ದಾರೀಲಿ ಬರ್ತಾನೆ, ನಾಯೀನ ಅವನ ಕೈಗೆ ಕೊಡೋದು, ಅವನು ಹೊಳೆ ಆಚೆ ಕರ್ಕೊಂಡು ಹೋಗ್ಲಿ. ಅದಕ್ಕೆ ಇನ್ನೊಂದು ತಿಂಗಳಿತ್ತಂತೆ. ಚೆನ್ನಾಜಿ ಒಲೆ ಮುಂದೆ ಕೂತು, ಹೊಗೆ ಅಂತ ನೆವ ಹೇಳಿ ಕಣ್ಣು ಒರೆಸಿಕೊಂಡಳಂತೆ.

ಆಮೇಲೆ ಮೂವರು ಬುದ್ಧಿವಂತರೂ ಕೆಲಸಕ್ಕೆ ಇಳಿದರಂತೆ. ಹಿರಿಯವನು, ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗಬೇಕು, ಅಷ್ಟೇ, ಅಂತ ಎದೆ ಉಬ್ಬಿಸ್ಕೊಂಡು ದೊಣ್ಣೆ ಹಿಡ್ಕೊಂಡು ಬೋಗುಣಿ ಹತ್ತಿರ ಹೋದನಂತೆ. ಯಜಮಾನ ಯಾರು ಅಂತ ಬೇಗನೇ ಗೊತ್ತಾಯ್ತಂತೆ. ಹಿರಿಯವನು ಎಂಟು ದಿನ ಬೋರಲಾಗಿ ಮಲಗಿದನಂತೆ.

ಆಮೇಲೆ ನಡುವಿನವನು, ಹಸಿವು ಅಂದ್ರೇನು ಅಂತ ತಿಳಿದ್ರೆ ಅನ್ನದ ಬೆಲೆ ತಿಳಿಯುತ್ತೆ, ಎರಡು ದಿನ ಏನೂ ಹಾಕಬೇಡಿ, ಅಂದನಂತೆ. ನಾಯಿಗೆ ಅನ್ನದ ಬೆಲೆ ಎಷ್ಟು ಚೆನ್ನಾಗಿ ತಿಳೀತು ಅಂದ್ರೆ, ಮೂರನೇ ದಿನ ಅದು ಬೋಗುಣಿ ಬಿಟ್ಟು ಅಡುಗೆಮನೆ ಬಾಗಿಲನ್ನೇ ಕಾಯೋಕೆ ಕೂತ್ಕೊಂಡಿತಂತೆ. ಅವತ್ತು ಹಸಿವು ಅಂದ್ರೇನು ಅಂತ ಮನೆಮಂದಿಗೆಲ್ಲ ತಿಳೀತಂತೆ.

ಆಮೇಲೆ ಕಿರಿಯವನು, ಅಂದ್ರೆ ಚೆನ್ನಾಜಿ ಗಂಡ, ಒಳ್ಳೆ ಕಸುಬುದಾರ, ಬೋಗುಣಿಗೆ ಎರಡು ಮಾರು ಉದ್ದದ ಬಿದಿರಿನ ಹಿಡಿ ಕಟ್ಟಿದನಂತೆ. ದೂರದಲ್ಲೇ ನಿಂತು ಎಳ್ಕೊಳ್ಳಿ, ಅಂದನಂತೆ. ನಾಯಿ ಮಾರನೇ ದಿನದಿಂದ ಬೋಗುಣಿ ಜೊತೆಗೆ ಎರಡು ಮಾರು ಬಿದಿರನ್ನೂ ಕಾಯೋಕೆ ಶುರು ಮಾಡ್ತಂತೆ. ಹಿಡಿ ಇನ್ನೂ ಉದ್ದ ಮಾಡ್ಲಾ, ಅಂತ ಕೇಳಿದನಂತೆ. ಬೇಡಪ್ಪ ಅಂದ್ರಂತೆ.

ಅಷ್ಟರಲ್ಲಿ ಹುಣ್ಣಿಮೆ ಬಂತು, ಅಮಾವಾಸ್ಯೆಗೆ ಹದಿನೈದೇ ದಿನ ಉಳೀತಂತೆ. ಚೆನ್ನಾಜಿ ಆ ಮನೇಲಿ ಯಾರೂ ಮಾಡದ ಒಂದು ಕೆಲಸ ಮಾಡಿದಳಂತೆ. ಮಡಕೆ ಮಾಡೋ ತಿಗರಿ ಪಕ್ಕ ಕೂತ್ಕೊಂಡು ನಾಯಿ ಉಣ್ಣೋದನ್ನ ಸುಮ್ಮನೆ ನೋಡಿದಳಂತೆ. ನಾಯಿ ತಣ್ಣಗೆ ಉಣ್ತಾ ಇತ್ತು. ಒಳಗೆ ಸಿದ್ಧವ್ವ ಹಣತೆಗೆ ಎಣ್ಣೆ ಹಾಕಿದಳು. ಎಣ್ಣೆ ವಾಸನೆ ಅಂಗಳಕ್ಕೆ ಬಂತೋ ಇಲ್ಲವೋ, ಬೋಗುಣಿ ಹತ್ತಿರ ನರಪಿಳ್ಳೆ ಇಲ್ಲ, ಆದ್ರೂ ನಾಯಿ ಬೆನ್ನ ಮೇಲಿನ ಕೂದಲೆಲ್ಲ ನೆಟ್ಟಗಾಗಿ, ಗಬಗಬ ನುಂಗ್ತಾ ಗುರ್ ಅಂತಂತೆ.

ಅಯ್ಯೋ ನನ್ನಪ್ಪಾ, ಅಂದ್ಕೊಂಡಳಂತೆ ಚೆನ್ನಾಜಿ. ತಿಗರಿ ನಿಲ್ಲಿಸಿ, ಕೈ ತೊಳ್ಕೊಂಡು ಇದಕ್ಕೆ ಮುದ್ದೆ ಹಾಕೋ ಹೊತ್ತಿಗೆ ಹೊತ್ತು ಮುಳುಗ್ತಾ ಇರುತ್ತೆ. ಎಣ್ಣೆ ವಾಸನೆ ಬಂತು ಅಂದ್ರೆ ಕೈ ಬರುತ್ತೆ, ಕೈ ಬಂತು ಅಂದ್ರೆ ಬೋಗುಣಿ ಹೋಗುತ್ತೆ. ಆರು ತಿಂಗಳಿಂದ ದಿನಾ ಅರ್ಧ ಊಟಕ್ಕೇ ಎಬ್ಬಿಸಿದ್ದೀವಲ್ಲ, ನನ್ನನ್ನ ಹಂಗೆ ಎಬ್ಬಿಸಿದ್ರೆ ನಾನೂ ಕಚ್ಚುತ್ತಿದ್ದೆ.

ಮಾರನೇ ದಿನದಿಂದ ಬಿಸಿಲಿರೋವಾಗಲೇ ಮುದ್ದೆ ಹಾಕಿದಳಂತೆ. ತನ್ನ ಪಾಲಿನ ರೊಟ್ಟಿಗೆ ತುಪ್ಪ ಸವರಿ, ಚೂರು ಮಾಡಿ ಸೆರಗಲ್ಲಿ ಕಟ್ಕೊಂಡು, ಹತ್ತು ಹೆಜ್ಜೆ ದೂರ ನಿಂತು ಒಂದು ಚೂರು ಎಸೆದು, ಹಿಂದಕ್ಕೆ ಹೋಗಿಬಿಡೋಳಂತೆ. ಗುರ್ ಅಂದ್ರೆ ಬೈಯ್ತಿರಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದು ಇನ್ನೊಂದು ಚೂರು ಎಸೆಯೋಳಂತೆ. ಹಂಗೆ ದಿನಕ್ಕೆ ಒಂದೊಂದೇ ಹೆಜ್ಜೆ ಹತ್ತಿರ ಬಂದು, ಹನ್ನೊಂದನೇ ದಿನ ಬೋಗುಣಿಯೊಳಗೇ ಚೂರು ಹಾಕಿದಳಂತೆ. ಹನ್ನೆರಡನೇ ದಿನ ಕೈಯಲ್ಲಿ ಎಣ್ಣೆ ಹಣತೆ ಹಿಡ್ಕೊಂಡೇ ಹೋದಳಂತೆ. ಹದಿಮೂರನೇ ದಿನ ಅವಳು ಬರೋದು ಕಂಡು ನಾಯಿ ತಾನೇ ಹಿಂದೆ ಸರಿದು ಬಾಲ ಆಡಿಸ್ತಂತೆ. ಅಷ್ಟು ದಿನ ಚೆನ್ನಾಜಿ ಊಟ ಬರೀ ಮಜ್ಜಿಗೆ.

ಆಮೇಲೆ ಅಮಾವಾಸ್ಯೆ ಬಂತು, ಬೀರಣ್ಣ ಹಗ್ಗ ಹಿಡ್ಕೊಂಡು ಬಂದು ಅಂಗಳದಲ್ಲಿ ನಿಂತನಂತೆ. ಚೆನ್ನಾಜಿ ತನ್ನ ಜನ್ಮದಲ್ಲಿ ಮೊದಲನೇ ಸಲ ಅತ್ತೆ ಮುಂದೆ ತಲೆ ಎತ್ತಿ, ಅತ್ತೆ, ಬೋಗುಣೀನ ನೀವೇ ಎತ್ತಿ ನೋಡಿ, ಗುರ್ ಅಂದ್ರೆ ನಾನೇ ಹಗ್ಗ ಕಟ್ಟಿ ಕೊಡ್ತೀನಿ, ಅಂದಳಂತೆ. ಹಿರಿಯವನು ಅವ್ವಾ ಬೇಡ ಅಂತ ಕಂಬದ ಹಿಂದಿಂದ ಹೇಳಿದನಂತೆ. ಅಷ್ಟು ಜನ ನೋಡ್ತಿರೋವಾಗ ಹಿಂದೆ ಸರಿಯೋಕಾಗದೆ, ಸಿದ್ಧವ್ವ ಎಣ್ಣೆ ಹಣತೆ ಹಿಡ್ಕೊಂಡು, ಮನೆದೇವರನ್ನ ನೆನೆಸ್ಕೊಂಡು, ಅರ್ಧ ಮುದ್ದೆ ಇರೋ ಬೋಗುಣಿಗೆ ಕೈ ಹಾಕಿದಳಂತೆ.

ದಳವಾಯಿ ಎದ್ದು ನಿಂತಿತಂತೆ. ನಾಯಿ ಎರಡು ಹೆಜ್ಜೆ ಹಿಂದೆ ಸರಿದು, ಅಚ್ಚುಕಟ್ಟಾಗಿ ಕೂತ್ಕೊಂಡು, ಸಿದ್ಧವ್ವನ ಮುಖ ನೋಡಿ ಬಾಲ ಆಡಿಸ್ತಂತೆ. ಏನೇ ಇದು, ಏನು ಕೇಳ್ತಿದೆ? ಅಂದಳಂತೆ ಸಿದ್ಧವ್ವ. ನೀವೇನು ಕೊಡ್ತೀರ ಅಂತ ಕಾಯ್ತಿದೆ ಅತ್ತೆ, ಅಂದಳಂತೆ ಚೆನ್ನಾಜಿ. ಸಿದ್ಧವ್ವ ಆಚೆ ಈಚೆ ನೋಡಿ, ಯಾರಿಗೂ ಕಾಣದ ಹಾಗೆ ಮಡಿಲಲ್ಲಿ ಬಚ್ಚಿಟ್ಕೊಂಡಿದ್ದ ಅಮಾವಾಸ್ಯೆ ಹಬ್ಬದ ಕಡುಬು ತೆಗೆದು ನಾಯಿಗೆ ಕೊಟ್ಟಳಂತೆ. ಆಮೇಲೆ ಬೋಗುಣೀನ ಮತ್ತೆ ಅಲ್ಲೇ ಇಟ್ಟು, ಉಣ್ಲಿ ಬಿಡು, ಲಕ್ಷ್ಮಿ ಒಂದು ಗಳಿಗೆ ಕಾಯ್ತಾಳೆ, ಅಂದಳಂತೆ. ಬೀರಣ್ಣ ಹಗ್ಗ ಸುತ್ಕೊಂಡು, ಕಡುಬು ಇನ್ನೊಂದಿದೆಯಾ ಅಂತ ಕೇಳಿ, ಇಸ್ಕೊಂಡು ಹೋದನಂತೆ.

ಅವತ್ತಿಂದ ಆ ಮನೇಲಿ ನಾಯಿ ಊಟ ಮುಗಿಸಿದ ಮೇಲೇ ದೀಪ. ಇದು ನಮ್ಮತ್ತೆ ಕಾಲದ ಪದ್ಧತಿ ಅಂತ ಸಿದ್ಧವ್ವ ಊರಿಗೆಲ್ಲ ಹೇಳಿದಳಂತೆ. ಹಿರಿಯವನು ದೊಣ್ಣೆಯಿಂದ ಸರಿಹೋಯ್ತು ಅಂದನಂತೆ, ನಡುವಿನವನು ಉಪವಾಸದಿಂದ ಅಂದನಂತೆ, ಕಿರಿಯವನು ಬಿದಿರಿನ ಹಿಡಿ ಮಾರೋಕೆ ಶುರು ಮಾಡಿದನಂತೆ. ಚೆನ್ನಾಜಿ ತುಪ್ಪ ಸವರಿದ ರೊಟ್ಟೀನ ಪೂರ್ತಿ ತಾನೇ ತಿಂದಳಂತೆ, ದಳವಾಯಿ ಅವಳ ಪಾದದ ಮೇಲೆ ತಲೆ ಇಟ್ಟು ನಿದ್ದೆ ಮಾಡ್ತಂತೆ.

ಅವರ ಊಟ ಅಲ್ಲಿ ಮುಗೀತು, ನಮ್ಮ ಕತೆ ಇಲ್ಲಿ ಮುಗೀತು. ಮಲಗು ಪುಟ್ಟಿ. ಮುಷ್ಟೀಲಿ ಹಿಡ್ಕೊಂಡಿರೋ ಆ ಉಂಡೇನ ನಾನೇನೂ ಕಿತ್ಕೊಳಲ್ಲ, ನಿಧಾನವಾಗಿ ತಿನ್ನು.